ಲಾಲ್ ಡೋರಾದೊಳಗೊಂದು ಹಿತ್ತಲು

ಫೆಬ್ರವರಿ ಮೊದಲ ವಾರ ನಮ್ಮ ಓನರ್ ಮನೆಯ ಅಜ್ಜಿ ನಾಲ್ಕು ಮಹಡಿ ಹತ್ತಿ ತಾರಸಿಗೆ ಬರುತ್ತಾರೆ. ಮಂಡಿನೋವಿನವರು, ವರ್ಷದಲ್ಲಿ ಅವರು ಮೇಲೆ ಬರುವುದು ಅದೊಂದೇ ಸಲ. ಉಳಿದ ದಿನ ಗಲ್ಲಿಯ ಬಾಗಿಲಲ್ಲಿ ಚಾರ್ಪಾಯಿ ಹಾಕಿಕೊಂಡು ಕೂತಿರುತ್ತಾರೆ. ಬಂದವರೇ ನನ್ನ ಪೇಂಟ್ ಡಬ್ಬಗಳ ಮಣ್ಣಿಗೆ ಎರಡು ಬೆರಳು ಇಳಿಸಿ, ಜ್ವರ ನೋಡುವವರ ಹಾಗೆ ಸ್ವಲ್ಪ ಹೊತ್ತು ಸುಮ್ಮನಿರುತ್ತಾರೆ. "ಇನ್ನೂ ತಣ್ಣಗಿದೆ ಬೇಟಾ. ಬೆಂಡೆ ಈಗಲೇ ಬೇಡ. ಸೋರೆಯನ್ನು ಕಪ್ಪಿನಲ್ಲಿ ಹಾಕಿ ಮುಚ್ಚಿಡು" ಎಂದು ಹೇಳಿ, ಕೈ ಒರೆಸಿಕೊಂಡು, ಗೋಡೆ ಹಿಡಿದು ಇಳಿದುಹೋಗುತ್ತಾರೆ.

ಗಲ್ಲಿಯವರೆಲ್ಲ ಅವರನ್ನು 'ತಾಈ' ಎನ್ನುತ್ತಾರೆ. ಹಾಗೆಂದರೆ ದೊಡ್ಡಮ್ಮ. ನನ್ನ ಕಿವಿಗೆ ಅದು ಮೊದಲ ದಿನವೇ ಕನ್ನಡದ 'ತಾಯಿ' ಎಂದು ಕೇಳಿಸಿತು. ತಿದ್ದಿಕೊಳ್ಳಲು ಹೋಗಲಿಲ್ಲ.

ಮುನಿರ್ಕಾ ಎಂದರೆ ದೆಹಲಿಯ ಕನ್ನಡಿಗರಿಗೆ ಬೇರೆ ಏನೇನೋ ನೆನಪಾಗಬಹುದು. ಜೆಎನ್‌ಯು ಹಾಸ್ಟೆಲ್ ಸಿಗದೆ ರೂಮು ಹುಡುಕಿದ್ದು, ಕೈ ಚಾಚಿದರೆ ಎದುರು ಮನೆಯ ಕಿಟಕಿ ಸಿಗುವ ಗಲ್ಲಿಗಳು, ತಲೆಯ ಮೇಲೆ ಜೋತುಬಿದ್ದ ವೈರುಗಳು, 2018ರ ಮೇ ತಿಂಗಳಲ್ಲಿ ಬಂದ ಮೆಜೆಂಟಾ ಲೈನಿನ ಮೆಟ್ರೋ. ಹೊಲದ ನೆನಪು ಯಾರಿಗೂ ಬರುವುದಿಲ್ಲ. ಆದರೆ ಇದು ತೋಕಸ್ ಜಾಟರ ಊರು, ರೈತರ ಊರು. ಬೆರಳಿನಿಂದ ಮಣ್ಣಿನ ಚಳಿ ಅಳೆಯುವ ವಿದ್ಯೆ ತಾಯಿಗೆ ಎಲ್ಲಿಂದ ಬಂತು ಎಂದು ಹುಡುಕುತ್ತಾ ಹೋದಾಗ ನಾನು ಈ ಊರಿನ ಚರಿತ್ರೆಗೆ ಹೋಗಿ ಮುಟ್ಟಿದೆ.

ಮೊದಲು ನನ್ನ ತಪ್ಪನ್ನು ಹೇಳಿಬಿಡುತ್ತೇನೆ. ನಮ್ಮ ತುರುವೇಕೆರೆ ಕಡೆ ವರ್ಷದ ಬೇಸಾಯ ಶುರುವಾಗುವುದು ಯುಗಾದಿಯಿಂದ. ಅವತ್ತು ಎತ್ತಿನ ಮೈ ತೊಳೆದು, ನೇಗಿಲಿಗೆ ಪೂಜೆ ಮಾಡಿ, ಹೊಲದಲ್ಲಿ ನಾಲ್ಕು ಸಾಲು ಹೊನ್ನಾರು ಹೂಡುತ್ತಾರೆ. ಬಿತ್ತನೆಗೆ ಮುಂದೆ ಭರಣಿ ಮಳೆಯನ್ನೋ ಕೃತ್ತಿಕೆಯನ್ನೋ ಕಾಯಬೇಕು. ಅವಸರವೇನಿಲ್ಲ. ಅದೇ ಲೆಕ್ಕ ತಲೆಯಲ್ಲಿಟ್ಟುಕೊಂಡು 2022ರಲ್ಲಿ ನಾನು ಯುಗಾದಿಗೆ ಬೀಜ ಹಾಕಿದೆ. ಆ ವರ್ಷ ಹಬ್ಬ ಏಪ್ರಿಲ್ 2ಕ್ಕೆ ಬಂದಿತ್ತು. ಅದಕ್ಕೆ ಮುಂಚಿನ ಮಾರ್ಚ್ ತಿಂಗಳು, ಹವಾಮಾನ ಇಲಾಖೆಯ 122 ವರ್ಷಗಳ ದಾಖಲೆಯಲ್ಲೇ ದೇಶದ ಅತಿ ಬಿಸಿಯ ಮಾರ್ಚ್. ನನ್ನ ಸೋರೆ ಮೊಳೆತು ಎರಡು ಎಲೆ ಬಿಡುವ ಹೊತ್ತಿಗೆ ಲೂ ಗಾಳಿ ಬೀಸತೊಡಗಿತು. ಟೊಮೆಟೊ ಹೂವೆಲ್ಲ ಉದುರಿತು. ಹಗಲಿನ ಬಿಸಿ 35 ಡಿಗ್ರಿ ದಾಟಿ ರಾತ್ರಿಯೂ ತಂಪಾಗದಿದ್ದರೆ ಆ ಗಿಡ ಕಾಯಿ ಕಟ್ಟುವುದಿಲ್ಲ. ಪಂಜಾಬ್, ಹರಿಯಾಣದಲ್ಲಿ ಗೋಧಿಯ ಕಾಳು ಜೊಳ್ಳಾಗಿ, ಮೇ 13ರಂದು ಸರ್ಕಾರ ಗೋಧಿಯ ರಫ್ತನ್ನೇ ನಿಲ್ಲಿಸಿತು. ನನ್ನ ಆರು ಡಬ್ಬಗಳ ನಷ್ಟ ಯಾವ ಲೆಕ್ಕಕ್ಕೂ ಸೇರಲಿಲ್ಲ. ತಾಯಿ ಮಾತ್ರ ಕೇಳಿದರು: "ಯಾವಾಗ ಹಾಕಿದೆ?" ನಾನು ತಾರೀಖು ಹೇಳಿದೆ. "ಹೋಳಿ ಆದಮೇಲೆ ಯಾರಾದರೂ ಹಾಕುತ್ತಾರಾ!" ಎಂದು ನಕ್ಕುಬಿಟ್ಟರು.

ದೆಹಲಿಯ ವಸಂತ ಎಂದರೆ ಆರು ವಾರ. ನಮ್ಮಲ್ಲಿ ಶಿವರಾತ್ರಿಗೆ ಚಳಿ ಶಿವಶಿವಾ ಎಂದು ಹೋಗುತ್ತದೆ ಎನ್ನುತ್ತೇವಲ್ಲ, ಇಲ್ಲಿ ಅದು ಹೋಗುವುದಕ್ಕೂ ಬಿಸಿಲು ನುಗ್ಗುವುದಕ್ಕೂ ನಡುವೆ ಇರುವುದು ಅಷ್ಟೇ ಸಂದು. ಬೂರುಗದ ಮರ ಎಲೆ ಉದುರಿಸಿ ಕೆಂಪಗೆ ಹೂ ಬಿಡುವಾಗ ಆ ಸಂದು ತೆರೆಯಿತು ಎಂದರ್ಥ. ಅಷ್ಟರೊಳಗೆ ಎಲ್ಲ ಆಗಬೇಕು. ಚಳಿಗಾಲದ ಮೆಂತ್ಯ, ಪಾಲಕ್ ಕಿತ್ತ ಡಬ್ಬಗಳನ್ನು ಬೋರಲು ಹಾಕಿ ಮಣ್ಣನ್ನು ನಾಲ್ಕು ದಿನ ಬಿಸಿಲಿಗೆ ಹರಡಬೇಕು. ಅದಕ್ಕೆ ಹಳೆಯ ಸಗಣಿ ಗೊಬ್ಬರ, ಒಂದು ಹಿಡಿ ಬೇವಿನ ಹಿಂಡಿ, ನೀರು ಇಂಗಲು ಸ್ವಲ್ಪ ಬದರ್ಪುರ್ (ಮನೆ ಕಟ್ಟುವ ದಪ್ಪ ಮರಳಿಗೆ ಇಲ್ಲಿನ ಹೆಸರು) ಬೆರೆಸಬೇಕು. ಹಾಗಲದ ಬೀಜದ ಸಿಪ್ಪೆ ಗಟ್ಟಿ. ರಾತ್ರಿಯೆಲ್ಲ ನೆನೆಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿ ಫ್ರಿಜ್ಜಿನ ನೆತ್ತಿಯ ಮೇಲೆ ಇಡಬೇಕು. ಸೋರೆ, ಹೀರೆ, ಸೌತೆಗಳನ್ನು ಟೀ ಕಪ್ಪಿನಲ್ಲಿ ಹಾಕಿ ಪ್ಲಾಸ್ಟಿಕ್ ಮುಚ್ಚಿ, ಎರಡು ಎಲೆ ಬಂದಾಗ ಬೇರು ಅಲುಗದಂತೆ ಡಬ್ಬಕ್ಕೆ ಇಳಿಸಬೇಕು. ಬೆಂಡೆಯನ್ನು ಮಣ್ಣು ಬೆಚ್ಚಗಾದ ಮೇಲೆ ನೇರವಾಗಿ ಊರಬೇಕು. ಐವತ್ತು ದಿನಕ್ಕೆ ಕಾಯಿ. ಇದಿಷ್ಟನ್ನೂ ಹೋಳಿಯ ಬಣ್ಣ ಎರಚುವ ಮೊದಲು ಮುಗಿಸಬೇಕು.

ಈ ಕಪ್ಪಿನ ಉಪಾಯ ನಾನು ಕಂಡುಹಿಡಿದದ್ದಲ್ಲ, ತಾಯಿ ಕಂಡುಹಿಡಿದದ್ದೂ ಅಲ್ಲ. ಯಮುನೆಯ ಮರಳಿನಲ್ಲಿ ಬೇಸಾಯ ಮಾಡುವವರು ಚಳಿಗಾಲದಲ್ಲೇ ಒದ್ದೆ ಸಿಗುವವರೆಗೆ ಕಾಲುವೆ ತೋಡಿ, ಗೊಬ್ಬರ ತುಂಬಿ, ಬೀಜ ಹಾಕಿ, ತಣ್ಣನೆ ಗಾಳಿ ಬರುವ ಕಡೆಗೆ ಸರ್ಕಂಡಾ ಹುಲ್ಲಿನ ತಡಿಕೆ ನಿಲ್ಲಿಸುತ್ತಿದ್ದರು. ದೆಹಲಿಯ ಬೇಸಿಗೆಯ ಕಕ್ಕಡಿ, ಕರ್ಬೂಜ ಬರುತ್ತಿದ್ದದ್ದು ಹಾಗೆ. ನದಿಯ ನೀರು ಕೊಳೆತದ್ದಕ್ಕೆ 2015ರ ಜನವರಿಯಲ್ಲಿ ಹಸಿರು ನ್ಯಾಯಮಂಡಳಿ ಆ ಬಯಲಿನಲ್ಲಿ ತಿನ್ನುವ ಬೆಳೆ ಬೆಳೆಯಬಾರದು ಎಂದಿತು. ನೀರು ಕೊಳಕು ಮಾಡಿದವರು ನಗರದವರು. ಬೆಳೆ ಬಿಡಬೇಕಾದವರು ಮರಳಿನ ರೈತರು.

ಬೀಜದ ಕಥೆಯೂ ವಲಸೆಯದ್ದೇ. ನಾನು ಪ್ರತಿ ವರ್ಷ ಪೂಸಾದ ಕೃಷಿ ಮೇಳದಿಂದ ಬೀಜ ತರುತ್ತೇನೆ. ಪೂಸಾ ಎನ್ನುವುದು ದೆಹಲಿಯ ಜಾಗ ಎಂದೇ ಬಹಳ ಜನ ತಿಳಿದಿದ್ದಾರೆ. ಅದು ಬಿಹಾರದ ಒಂದು ಹಳ್ಳಿಯ ಹೆಸರು. 1905ರಲ್ಲಿ ಕೃಷಿ ಸಂಶೋಧನಾ ಸಂಸ್ಥೆ ಹುಟ್ಟಿದ್ದು ಅಲ್ಲಿ. 1934ರ ಜನವರಿ 15ರ ಭೂಕಂಪದಲ್ಲಿ ಕಟ್ಟಡ ಕುಸಿದು, 1936ರಲ್ಲಿ ಸಂಸ್ಥೆ ದೆಹಲಿಗೆ ಬಂತು. ಬರುವಾಗ ತನ್ನ ಊರಿನ ಹೆಸರನ್ನೂ ಕಟ್ಟಿಕೊಂಡು ಬಂತು. ನಾವು ಇಲ್ಲಿ ಸಂಘ ಕಟ್ಟಿಕೊಂಡು ಅದಕ್ಕೆ ಕರ್ನಾಟಕ ಎಂದು ಹೆಸರಿಟ್ಟ ಹಾಗೆ. ಅಲ್ಲಿ ಹರ್ಭಜನ್ ಸಿಂಗ್ ಮತ್ತು ಅವರ ಸಂಗಡಿಗರು ಐವತ್ತರ ದಶಕದಲ್ಲಿ, ಬಿಳಿನೊಣ ಹರಡುವ ಹಳದಿ ನಂಜುರೋಗ ತಡೆಯುವ ಬಂಗಾಳದ ಬೆಂಡೆಯೊಂದನ್ನು ಅಡ್ಡಹಾಯಿಸಿ 'ಪೂಸಾ ಸಾವನಿ' ತೆಗೆದರು. ದೇಶವೆಲ್ಲ ಅದನ್ನೇ ಬೆಳೆಯಿತು. ಕಾಲಕ್ರಮದಲ್ಲಿ ಅದರ ತಡೆಯುವ ಶಕ್ತಿ ಸೋತಿತು. ಆಮೇಲೆ ನಮ್ಮ ಹೆಸರಘಟ್ಟದ ತೋಟಗಾರಿಕಾ ಸಂಸ್ಥೆಯವರು ಕಾಡುಬೆಂಡೆಯ ಜೊತೆ ಅಡ್ಡಹಾಯಿಸಿ 'ಅರ್ಕಾ ಅನಾಮಿಕಾ' ಕೊಟ್ಟರು. ನನ್ನ ತಾರಸಿಯಲ್ಲಿ ಈಗ ಪೂಸಾದ ಸೋರೆಯೂ ಹೆಸರಘಟ್ಟದ ಬೆಂಡೆಯೂ ಒಂದೇ ನೆರಳುಬಲೆಯ ಕೆಳಗಿವೆ.

ನನಗಿಂತ ಮೊದಲು ಬಂದ ಕನ್ನಡಿಗರಿಗೆ ನೆಲವೇ ಇತ್ತು. ಮುನಿರ್ಕಾದ ಪಕ್ಕದಲ್ಲಿ ಆರ್.ಕೆ. ಪುರಂ ಎದ್ದದ್ದು ಸರ್ಕಾರಿ ನೌಕರರಿಗಾಗಿ. ಅದರ ಸೆಕ್ಟರ್ 12ರಲ್ಲೇ ದೆಹಲಿ ಕರ್ನಾಟಕ ಸಂಘ ಇದೆ. ಅಲ್ಲಿ ಒಂದು ಕಾರ್ಯಕ್ರಮದ ಊಟದ ಸಾಲಿನಲ್ಲಿ ಸಿಕ್ಕ ಹಿರಿಯರೊಬ್ಬರು ತಮ್ಮ ಕ್ವಾರ್ಟರ್ಸಿನ ಹಿತ್ತಲ ಕಥೆ ಹೇಳಿದ್ದರು. 1965ರಲ್ಲಿ ಯುದ್ಧ, ಮೇಲೆ ಬರ, ಅಮೆರಿಕದ ಗೋಧಿಗೆ ಕೈಚಾಚಿದ್ದ ಕಾಲ. ಶಾಸ್ತ್ರಿಯವರು ಸೋಮವಾರ ಸಂಜೆಯ ಊಟ ಬಿಡಿ ಎಂದರು, ಖಾಲಿ ಜಾಗದಲ್ಲೆಲ್ಲ ಏನಾದರೂ ಬೆಳೆಯಿರಿ ಎಂದರು, ಜನಪಥದ ತಮ್ಮ ಸರ್ಕಾರಿ ಮನೆಯ ಹುಲ್ಲುಹಾಸನ್ನೇ ಉಳಿಸಿದರು. "ನಾವು ಗೋಧಿ ಎಲ್ಲಿ ಹಾಕೋದು, ದಂಟು ಹಾಕಿದ್ವಿ, ಅಲಸಂದೆ ಹಾಕಿದ್ವಿ" ಎಂದು ಹಿರಿಯರು ನಕ್ಕರು. ಪಕ್ಕದ ಮನೆಯ ಮಂಗಳೂರಿನವರು ಬಸಳೆಯ ಬಳ್ಳಿಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ರೈಲಿನಲ್ಲಿ ತಂದಿದ್ದರಂತೆ. ಅದರ ತುಂಡು ಮನೆಯಿಂದ ಮನೆಗೆ ಹೋಗಿ, ಕೊನೆಗೆ ಬಂಗಾಳಿಗಳು ಅದನ್ನು ನೋಡಿ ಇದು ನಮ್ಮ ಪೂಯಿ ಸೊಪ್ಪು ಎಂದು ಕೇಳಿ ಪಡೆದರಂತೆ.

ನಾನು ಈ ಕಥೆಯನ್ನು ತಾಯಿಗೆ ಹೇಳಿದೆ. ಅವರಿಗೂ ಖುಷಿಯಾಗಬಹುದು ಎಂದುಕೊಂಡಿದ್ದೆ. ಅವರು ಕೇಳಿದ್ದು ಇಷ್ಟೇ: "ಆ ಹಿತ್ತಲು ಯಾರ ಹೊಲದಲ್ಲಿತ್ತು ಅಂತ ಅವರು ಹೇಳಿದರಾ?"

ಅವರು ಮದುವೆಯಾಗಿ ಈ ಊರಿಗೆ ಬಂದಾಗ ಅತ್ತೆಮನೆಯವರಿಗೆ ಗೋಧಿ, ಕಡಲೆ, ಸಾಸಿವೆ, ಸಜ್ಜೆಯ ಹೊಲ ಇತ್ತು. ಬಾವಿಯ ಬದಿಯಲ್ಲಿ ಮನೆಗೆ ಸಾಕಾಗುವಷ್ಟು ತರಕಾರಿ. ಆ ಪಾತಿ ಸೊಸೆಯ ಪಾಲಿನ ಕೆಲಸ. ಹೊಲಗಳು ಒಂದೇ ದಿನ ಹೋಗಲಿಲ್ಲ, ಕಂತಿನಲ್ಲಿ ಹೋದವು. 1957ರಲ್ಲಿ ದೆಹಲಿ ಅಭಿವೃದ್ಧಿ ಪ್ರಾಧಿಕಾರ ಬಂತು. 1959ರ ನವೆಂಬರ್ 13ರಂದು ಒಂದೇ ಅಧಿಸೂಚನೆಯಲ್ಲಿ ದೆಹಲಿ ಸುತ್ತಿನ 34,070 ಎಕರೆ 'ಯೋಜಿತ ಅಭಿವೃದ್ಧಿಗೆ ಬೇಕು' ಎಂದು ಬರೆಯಲಾಯಿತು. 1894ರ ಭೂಸ್ವಾಧೀನ ಕಾಯ್ದೆಯ ಪ್ರಕಾರ ಬೆಲೆ ಕಟ್ಟುವುದು ಅಂಥ ಅಧಿಸೂಚನೆಯ ದಿನದ ದರಕ್ಕೆ; ಜಮೀನನ್ನು ಕೈಗೆ ತೆಗೆದುಕೊಳ್ಳುವುದು ಹತ್ತು ವರ್ಷ ಬಿಟ್ಟಾದರೂ ಸರಿ. ಮಾಲೀಕರು ಸುಪ್ರೀಂ ಕೋರ್ಟಿನವರೆಗೂ ಹೋದರು. 1974ರಲ್ಲಿ ಕೋರ್ಟು ಅಧಿಸೂಚನೆ ಸಿಂಧು ಎಂದಿತು. ದಕ್ಷಿಣ ದೆಹಲಿಯ ಹಳ್ಳಿಗಳ ಬದುಕು ಹೀಗೆ ಕಾಗದದಲ್ಲಿ ಬದಲಾಗುತ್ತಿದ್ದ ಕಾಲದಲ್ಲೇ ಮುನಿರ್ಕಾದ ಸುತ್ತ ಕಾಲೊನಿಗಳು ಎದ್ದವು, 1969ರಲ್ಲಿ ಜೆಎನ್‌ಯು ಶುರುವಾಯಿತು, ಆಮೇಲೆ ಡಿಡಿಎ ಫ್ಲ್ಯಾಟುಗಳು ಬಂದವು.

ಉಳಿದದ್ದು ಲಾಲ್ ಡೋರಾ. ಬ್ರಿಟಿಷರ ಕಾಲದ ಕಂದಾಯ ನಕ್ಷೆಯಲ್ಲಿ ಊರಿನ ವಾಸದ ಜಾಗವನ್ನು ಹೊಲದಿಂದ ಬೇರೆ ಮಾಡಲು ಎಳೆದ ಕೆಂಪು ಗೆರೆ ಅದು. ನಮ್ಮ ಗ್ರಾಮಠಾಣಾ ಇದ್ದ ಹಾಗೆ. 1963ರಲ್ಲಿ ಗೆರೆಯೊಳಗಿನ ಮನೆಗಳಿಗೆ ಕಟ್ಟಡ ನಿಯಮಗಳಿಂದ ವಿನಾಯಿತಿ ಸಿಕ್ಕಿತು. ಹೊಲ ಹೋದ ರೈತರು ಉಳಿದ ಗೆರೆಯೊಳಗೆ ಮೇಲಕ್ಕೆ ಬೆಳೆದರು. ಒಂದು ಅಂಕಣದ ಮನೆ ಐದು ಮಹಡಿಯಾಯಿತು, ದನದ ಕೊಟ್ಟಿಗೆ ಮೊಬೈಲ್ ಅಂಗಡಿಯಾಯಿತು. ಸಜ್ಜೆ ಬೆಳೆಯುತ್ತಿದ್ದವರು ಬಾಡಿಗೆ ಬೆಳೆಯತೊಡಗಿದರು. ಆ ಬೆಳೆ ನಾವು: ಮಣಿಪುರದವರು, ಬಿಹಾರದವರು, ಕನ್ನಡದವರು.

ಇದರಲ್ಲಿ ಓನರುಗಳೆಲ್ಲ ಸೋತವರು ಎಂದು ನಾನು ಹೇಳುತ್ತಿಲ್ಲ. ಬಾಡಿಗೆದಾರರನ್ನು ಗೋಳು ಹುಯ್ದುಕೊಳ್ಳುವವರೂ ಇದ್ದಾರೆ. ಹಿಂದೊಂದು ಮನೆಯಲ್ಲಿ ನನ್ನ ಕುಂಡಗಳನ್ನು ನನಗೆ ಹೇಳದೆಯೇ ಬೀದಿಗೆ ಇಟ್ಟಿದ್ದರು. ನಮ್ಮ ಕರಾರು ಹನ್ನೊಂದು ತಿಂಗಳದ್ದು. 1908ರ ನೋಂದಣಿ ಕಾಯ್ದೆಯಂತೆ ವರ್ಷ ಮೀರಿದ ಬಾಡಿಗೆ ಕರಾರನ್ನು ನೋಂದಾಯಿಸಲೇಬೇಕು, ಅದಕ್ಕೆ ಎಲ್ಲರೂ ಹನ್ನೊಂದಕ್ಕೆ ನಿಲ್ಲಿಸುತ್ತಾರೆ. ಹನ್ನೊಂದು ತಿಂಗಳಲ್ಲಿ ಬೆಂಡೆ ಆಗುತ್ತದೆ, ಸೋರೆ ಆಗುತ್ತದೆ. ಕರಿಬೇವು ಆಗುವುದಿಲ್ಲ. ಅದನ್ನು ಹಾಕಲು ಈ ಮನೆಯಲ್ಲಿ ನನಗೆ ಮೂರನೇ ಕರಾರಿನವರೆಗೆ ಧೈರ್ಯ ಬರಲಿಲ್ಲ.

ಮಾರ್ಚ್ ಕೊನೆಗೆ ಸೋರೆ ಹೂ ಬಿಡುತ್ತದೆ. ಬಿಳಿ ಹೂ ಅರಳುವುದು ಸಂಜೆ. ನಾಲ್ಕನೇ ಮಹಡಿಯವರೆಗೆ ಪತಂಗ ಬರುವುದು ಅಪರೂಪ. ಆದ್ದರಿಂದ ಆಫೀಸಿನಿಂದ ಬಂದವರು ಗಂಡು ಹೂ ಕಿತ್ತು, ದಳ ಹಿಂದಕ್ಕೆ ಮಡಿಸಿ, ಪುಟ್ಟ ಕಾಯಿ ಹೊತ್ತ ಹೆಣ್ಣು ಹೂವಿಗೆ ನಾವೇ ಸವರಬೇಕು. ಹೋದ ವರ್ಷ ಹಾಗೆ ಸವರುತ್ತಿರುವಾಗಲೇ ಊರಿನಿಂದ ಅಣ್ಣನ ಫೋನು ಬಂತು. ಬೆಂಗಳೂರಿನವರೊಬ್ಬರು ನಮ್ಮ ಎರಡು ಎಕರೆ ಹತ್ತು ಗುಂಟೆ ಹೊಲ ಕೇಳುತ್ತಿದ್ದಾರೆ. "ಬೋರು ನಿಂತು ಮೂರು ವರ್ಷ ಆಯ್ತು. ರಾಗಿ ಬಿತ್ತೋಕೂ ಆಳು ಸಿಗಲ್ಲ. ನಿನ್ನ ಸೈನ್ ಬೇಕು ಕಣೋ, ಯಾವಾಗ ಬರ್ತೀಯ?"

ಅಣ್ಣನದು ತಪ್ಪು ಮಾತಲ್ಲ. ಬೇಸಾಯಗಾರನಲ್ಲದವನು ಹೊಲ ಕೊಳ್ಳಲು ಮೊದಲು ಅಡ್ಡಿಯಿತ್ತು. 2020ರಲ್ಲಿ ಕರ್ನಾಟಕದ ಭೂಸುಧಾರಣಾ ಕಾಯ್ದೆಗೆ ತಿದ್ದುಪಡಿಯಾಗಿ 79ಎ, 79ಬಿ ಕಲಮುಗಳು ಹೋದ ಮೇಲೆ ಆ ಅಡ್ಡಿ ಇಲ್ಲ. ಮುನಿರ್ಕಾಕ್ಕೆ ಬಂದದ್ದು ಸರ್ಕಾರದ ಅಧಿಸೂಚನೆ, ಯಾರನ್ನೂ ಕೇಳದೆ ಬಂತು. ನಮ್ಮನ್ನು ಕೇಳುತ್ತಿದ್ದಾರೆ. ನಾವು ಸೈನ್ ಮಾಡಿದರೆ ಮುಗಿಯಿತು. ಆಮೇಲೆ ದೂರಲು ನಮಗೆ ಕೋರ್ಟೂ ಇರುವುದಿಲ್ಲ, ಅಧಿಕಾರಿಯೂ ಇರುವುದಿಲ್ಲ.

ತಾಯಿಗೆ ವಿಷಯ ಹೇಳಿದೆ. ಮಾರಬೇಡ ಎನ್ನುತ್ತಾರೆ ಎಂದು ನಂಬಿದ್ದೆ. ಅವರು ಹಾಗೆನ್ನಲಿಲ್ಲ. "ಅಲ್ಲಿ ಬೆಂಡೆ ಯಾವಾಗ ಹಾಕುತ್ತಾರೆ?" ಎಂದು ಕೇಳಿದರು. ಮಳೆಗೆ ಹಾಕುತ್ತಾರೆ, ನೀರಿದ್ದವರು ಬೇಸಿಗೆಗೂ ಹಾಕುತ್ತಾರೆ ಎಂದೆ. ಸರಿಯಾಗಿ ಯಾವಾಗ, ಯಾವ ಮಳೆಗೆ ಎಂದು ಮತ್ತೆ ಕೇಳಿದರು. ನನಗೆ ಹೇಳಲಾಗಲಿಲ್ಲ. ಅಮ್ಮನಿಗೆ ಗೊತ್ತಿತ್ತು, ಅಮ್ಮ ಈಗಿಲ್ಲ. ಅಣ್ಣನಿಗೆ ಗೊತ್ತಿರಬಹುದು.

ಹೊಲ ಹೋಗಿ ಅರವತ್ತು ವರ್ಷ ಹತ್ತಿರವಾದರೂ ತಾಯಿಯ ಬೆರಳಿಗೆ ಆ ಲೆಕ್ಕ ಮರೆತಿಲ್ಲ. ನನ್ನದು ಹೊಲ ಇನ್ನೂ ಪಹಣಿಯಲ್ಲಿದೆ, ಲೆಕ್ಕ ಹೋಗಿದೆ.

ಸೈನ್ ಹಾಕಲು ನಾನಿನ್ನೂ ಹೋಗಿಲ್ಲ. ಆದರೆ ಅವತ್ತು ರಾತ್ರಿ ಅಣ್ಣನಿಗೆ ಫೋನು ಮಾಡಿ, ಜಮೀನಿನ ಮಾತು ಬಿಟ್ಟು, ಅಮ್ಮ ಹಿತ್ತಲಲ್ಲಿ ಯಾವ ಯಾವ ಮಳೆಗೆ ಏನೇನು ಹಾಕುತ್ತಿದ್ದಳು ಎಂದು ಕೇಳಿದೆ. ಅವನು ಮೊದಲು ಬೈದ. ಆಮೇಲೆ ಮುಕ್ಕಾಲು ಗಂಟೆ ಹೇಳಿದ. ನಾನು ಬಾಡಿಗೆ ಕರಾರಿನ ಜೆರಾಕ್ಸ್ ಪ್ರತಿಯ ಹಿಂಬದಿಯಲ್ಲಿ ಬರೆದುಕೊಂಡೆ. ಈ ಫೆಬ್ರವರಿಯಲ್ಲಿ ತಾಯಿಯ ಮಂಡಿ ಇನ್ನೂ ಕೆಟ್ಟಿದೆ, ಮೇಲೆ ಬರಲಾಗಲಿಲ್ಲ. ನಾನೇ ಒಂದು ಡಬ್ಬವನ್ನು ಹೊತ್ತು ಕೆಳಗೆ ಚಾರ್ಪಾಯಿಯ ಪಕ್ಕ ಇಟ್ಟೆ. ಬೆರಳು ಇಳಿಸಿ ನೋಡಿ, "ಇನ್ನೊಂದು ವಾರ" ಎಂದರು.