ಟ್ಯೂಬು ಗುಲಾಬಿಯಾದರೆ ಪಂಪು ಫೇಲ್

ಇಯರ್‌ಫೋನ್ ಹಾಕ್ಕೊಂಡು ಬಸ್ಸಲ್ಲಿ ಕೂತಿದ್ದೀರಾ? ಹಾಗಿದ್ರೆ ಎರಡು ಬೆರಳು ಮಣಿಕಟ್ಟಿನ ಮೇಲಿಡಿ. ನಾಡಿ ಸಿಕ್ತಾ? 2011ರಲ್ಲಿ ಅಮೆರಿಕದ ಹ್ಯೂಸ್ಟನ್‌ನಲ್ಲಿ ಅಬಿಗೇಲ್ ಅಂತ ಒಂದು ಕರು ಇತ್ತು. ಅದಕ್ಕೆ ನಾಡಿನೇ ಇರಲಿಲ್ಲ. ಆದರೂ ಎದ್ದು ನಿಂತು ಮೇವು ತಿನ್ನುತ್ತಿತ್ತು. ಟೆಕ್ಸಾಸ್ ಹಾರ್ಟ್ ಇನ್‌ಸ್ಟಿಟ್ಯೂಟ್‌ನ ಬಡ್ ಫ್ರೇಜಿಯರ್ ಮತ್ತು ಬಿಲ್ಲಿ ಕೋನ್ ಅದರ ಹೃದಯ ತೆಗೆದು, ಆ ಜಾಗದಲ್ಲಿ ಸದಾ ತಿರುಗುವ ಎರಡು ಪಂಪು ಕೂರಿಸಿದ್ದರು.

ಇಲ್ಲಿಗೆ ಬರೋಕೆ ಅರ್ಧ ಶತಮಾನ ಹಿಡೀತು. 1957ರಲ್ಲಿ ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನಲ್ಲಿ ವಿಲೆಮ್ ಕೋಲ್ಫ್ ಮತ್ತು ಟೆಟ್ಸುಜೊ ಅಕುಟ್ಸು ಕೃತಕ ಹೃದಯ ಹಾಕಿದ ನಾಯಿ ಬದುಕಿದ್ದು ಸುಮಾರು ಒಂದೂವರೆ ಗಂಟೆ. ಆಗಿನ ಯಂತ್ರಗಳು ಹೃದಯದ ಥರಾನೇ ಹಿಗ್ಗಿ ಕುಗ್ಗುತ್ತಿದ್ದವು.

ಆಮೇಲೆ ಬಂದರು ರಿಚರ್ಡ್ ವಾಂಪ್ಲರ್. 1976ರಲ್ಲಿ ಈಜಿಪ್ಟಿನ ಹಳ್ಳಿಯೊಂದರಲ್ಲಿ ಜನ ತಿರುಪಿನಂಥ ಯಂತ್ರ ತಿರುಗಿಸಿ ನೀರೆತ್ತೋದನ್ನ ನೋಡಿದರು. ರಕ್ತಾನೂ ಹೀಗೇ ಎತ್ತಬಹುದಲ್ವಾ ಅನ್ನಿಸ್ತು. ಅವರ ಹೆಮೋಪಂಪ್ ನಿಮಿಷಕ್ಕೆ 25,000 ಸುತ್ತು ತಿರುಗೋದು. ಬಹಳ ಜನ ನಂಬಲೇ ಇಲ್ಲ. ಮೊಸರು ಕಡೆದ ಹಾಗೆ ರಕ್ತ ಕಡೆದರೆ ಕಣಗಳು ಉಳೀತಾವಾ? ನ್ಯಾಯವಾದ ಪ್ರಶ್ನೆ. ಅದಕ್ಕೆ ಉತ್ತರ ವಾದದಿಂದ ಸಿಗಲ್ಲ, ಪ್ರಾಣಿಯ ರಕ್ತದಿಂದಲೇ ಸಿಗಬೇಕು.

ಪರೀಕ್ಷೆ ನೋಡೋಕೆ ತೀರಾ ಸರಳ. ರಕ್ತವನ್ನ ಟ್ಯೂಬಿಗೆ ತಗೊಂಡು ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸ್ತಾರೆ. ಕೆಂಪು ಕಣ ತಳಕ್ಕಿಳಿದು ಮೇಲೆ ಪ್ಲಾಸ್ಮಾ ನಿಲ್ಲುತ್ತೆ. ಅದು ಒಣಹುಲ್ಲಿನ ಬಣ್ಣಕ್ಕಿದ್ದರೆ ನೆಮ್ಮದಿ. ಗುಲಾಬಿಗೆ ತಿರುಗಿದರೆ ಕಣಗಳು ಒಡೆದು ಹಿಮೋಗ್ಲೋಬಿನ್ ಹೊರಗೆ ಚೆಲ್ಲಿದೆ ಅಂತ ಅರ್ಥ. ಹಾಗೆ ಚೆಲ್ಲಿದ್ದು ಹೆಚ್ಚಾದರೆ ಮೂತ್ರ ಕಪ್ಪಾಗುತ್ತೆ, ಮೂತ್ರಪಿಂಡ ಸೋಲುತ್ತೆ. ಪಂಪು ಹಾಕಿಸಿಕೊಂಡ ಮನುಷ್ಯರಲ್ಲಿ ಡೆಸಿಲೀಟರ್‌ಗೆ 40 ಮಿಲಿಗ್ರಾಂ ದಾಟಿದರೆ ಅಪಾಯ ಅಂತ ಬಹಳ ವರ್ಷ ಲೆಕ್ಕ ಹಾಕ್ತಿದ್ರು.

ಆದರೆ ಒಂದು ದಿನದ ಅಂಕಿ ನಂಬೋ ಹಾಗಿಲ್ಲ. ಆಪರೇಷನ್ ಮುಗಿದ ಕೂಡಲೇ ಅದು ಹೇಗೂ ಏರಿರುತ್ತೆ, ಆಮೇಲೆ ಇಳೀಬೇಕು. ಇಳಿದದ್ದು ಹತ್ತನೇ ದಿನ ಮತ್ತೆ ಏರಿದರೆ ಪಂಪಿನೊಳಗೆ ಹೆಪ್ಪು ಕೂತಿರಬಹುದು. ಇನ್ನೊಂದು ತಮಾಷೆ ಕೇಳಿ: ಸಣ್ಣ ಸೂಜಿಯಲ್ಲಿ ಜೋರಾಗಿ ರಕ್ತ ಎಳೆದರೆ ಸೂಜಿಯೇ ಕಣ ಒಡೆಯುತ್ತೆ. ತಪ್ಪು ಸೂಜಿಯದ್ದು, ಬೈಗುಳ ಪಂಪಿಗೆ!

ಹೆಪ್ಪಾಗದ ಹಾಗೆ ಹೆಪರಿನ್ ಕೊಡ್ತಾರೆ. ಹೆಚ್ಚಾದರೆ ರಕ್ತಸ್ರಾವ, ಕಡಿಮೆಯಾದರೆ ಹೆಪ್ಪು. ಅದಕ್ಕೇ ಹೆಪ್ಪುಗಟ್ಟುವ ಸಮಯ, ಪ್ಲೇಟ್‌ಲೆಟ್ ಎಣಿಕೆ, ಎಲ್ಲ ಬರೆದಿಡ್ತಾರೆ. ಕೊನೆಗೆ ಕರುವನ್ನ ಕೊಂದು ಮೂತ್ರಪಿಂಡ ಸೀಳಿ ನೋಡ್ತಾರೆ. ಪಂಪಿನಿಂದ ಕಳಚಿದ ಹೆಪ್ಪಿನ ಚೂರು ಅಲ್ಲಿ ಹೋಗಿ ಸಿಕ್ಕಿಕೊಂಡಿರುತ್ತೆ. ಟ್ಯೂಬು ಹೇಳದ ಸತ್ಯವನ್ನ ಇದು ಹೇಳುತ್ತೆ. ಈ ಮಾತು ಹೇಳೋಕೆ ನನಗೆ ಹಿತವಿಲ್ಲ, ಬಿಟ್ಟು ಮುಂದೆ ಹೋದ್ರೆ ಇತಿಹಾಸ ಅರ್ಧ ಆಗುತ್ತೆ.

ಕರುವೇ ಯಾಕೆ? ಎದೆಗೂಡು ದೊಡ್ಡದು, ಮನುಷ್ಯನ ಅಳತೆಯ ಪಂಪು ಹಿಡಿಸುತ್ತೆ. ಆದರೆ ನಮ್ಮ ಕೆಂಪು ಕಣ ಏಳೆಂಟು ಮೈಕ್ರಾನ್, ಹಸುವಿನದ್ದು ಐದಾರು, ಮೇಕೆಯದ್ದು ಇನ್ನೂ ಚಿಕ್ಕದು. ಕರು ಪಾಸಾದ ಮಾತ್ರಕ್ಕೆ ಮನುಷ್ಯ ಪಾಸಲ್ಲ.

1988ರಲ್ಲಿ ಫ್ರೇಜಿಯರ್ ಹೆಮೋಪಂಪನ್ನು ಮೊದಲ ಬಾರಿ ರೋಗಿಗೆ ಹಾಕಿದರು. ರಕ್ತ ಉಳೀತು. ಇತ್ತ ನಾಸಾದ ಎಂಜಿನಿಯರ್ ಡೇವಿಡ್ ಸಾಸಿಯರ್‌ಗೆ 1984ರಲ್ಲಿ ಮೈಕಲ್ ಡಿಬೇಕಿ ಹೃದಯ ಕಸಿ ಮಾಡಿದ್ದರು. ಗುಣವಾದ ಮೇಲೆ ಡಾಕ್ಟರೂ ರೋಗಿಯೂ ಸೇರಿಕೊಂಡು ಪಂಪು ಮಾಡೋಕೆ ಹೊರಟರು. ಅದು ಕಣ ಒಡೆಯೋದನ್ನ ತಗ್ಗಿಸಲು ನೆರವಾದದ್ದು ರಾಕೆಟ್ ಎಂಜಿನ್ನಿನ ಇಂಧನ ಹರಿವು ಲೆಕ್ಕ ಹಾಕುವ ನಾಸಾದ ಸೂಪರ್‌ಕಂಪ್ಯೂಟರ್. 1998ರಲ್ಲಿ ಯುರೋಪಿನಲ್ಲಿ ಅದನ್ನ ಮೊದಲು ಮನುಷ್ಯರಿಗೆ ಹಾಕಿದರು.

ಮತ್ತೆ ಹ್ಯೂಸ್ಟನ್. ಅದೇ 2011ರ ಮಾರ್ಚ್‌ನಲ್ಲಿ ಫ್ರೇಜಿಯರ್ ಮತ್ತು ಕೋನ್, 55 ವರ್ಷದ ಕ್ರೇಗ್ ಲೂಯಿಸ್ ಅವರ ಹೃದಯ ತೆಗೆದು ಅಂಥದೇ ಎರಡು ಪಂಪು ಹಾಕಿದರು. ನಾಡಿ ಇಲ್ಲದೆ ಅವರು ಐದು ವಾರದಷ್ಟು ಬದುಕಿದ್ದರು. ಕೊನೆಗೆ ಅವರನ್ನ ಒಯ್ದದ್ದು ಮೊದಲೇ ಇದ್ದ ಅಮೈಲಾಯ್ಡ್ ಕಾಯಿಲೆ. ಪಂಪುಗಳು ಕೊನೇವರೆಗೂ ತಿರುಗುತ್ತಲೇ ಇದ್ದವು.