ಎರೆಮಣ್ಣಿನ ಹಾದಿಗೆ ಡೀಸೆಲ್ಲೋ ಪೆಟ್ರೋಲೋ? ಜುಗೂಳ ಸುತ್ತಿನ ನೆಲ ನೋಡಿ ಬರೆದ ಟಿಪ್ಪಣಿ

ಕಾಗವಾಡ ತಾಲ್ಲೂಕಿನ ಜುಗೂಳ ಕೃಷ್ಣೆಯ ದಂಡೆಯ ಊರು. ಹೊಳೆಯಾಚೆ ಮಹಾರಾಷ್ಟ್ರದ ಖಿದ್ರಾಪುರ, ಈಚೆ ಕಬ್ಬು ನಿಂತ ಎರೆಭೂಮಿ. ಇಲ್ಲಿ ಗಾಡಿ ಡಾಂಬರು ಬಿಟ್ಟು ಹೊಲದ ಹಾದಿಗೆ ಇಳಿಯುವುದು ಪಂಪ್‌ಸೆಟ್ ನೋಡಲು, ಗೊಬ್ಬರ ಒಯ್ಯಲು, ಕಡಿದ ಕಬ್ಬನ್ನು ಹೊರತರಲು. ಇಂಥ ಹಾದಿಗೆ ಫೋರ್ ವೀಲ್ ಡ್ರೈವ್ ಜೀಪು ಕೊಳ್ಳಹೊರಟವರಿಗೆ ಈ ಭಾಗದಲ್ಲಿ ಸಿಗುವ ಸಿದ್ಧ ಉತ್ತರ ಒಂದೇ: "ರಾಡ್ಯಾಗ ಎಳೀಬೇಕಂದ್ರ ಡೀಸೆಲ್ಲೇ ಬೇಕ್ರಿ." ಆ ಉತ್ತರ ಯಾವ ಕೆಲಸಕ್ಕೆ ಇಂದಿಗೂ ಒಪ್ಪುತ್ತದೆ, ಯಾವುದಕ್ಕೆ ಒಪ್ಪುವುದಿಲ್ಲ ಎಂದು ಬಿಡಿಸಿ ನೋಡುವುದು ಈ ಟಿಪ್ಪಣಿಯ ಉದ್ದೇಶ. ತಾಸುಗಟ್ಟಲೆ ಭಾರ ಎಳೆಯುವ ಗಾಡಿಗೆ ಡೀಸೆಲ್, ದಿನಕ್ಕೆ ನಾಲ್ಕಾರು ಕಿಲೋಮೀಟರ್ ಹೊಲಕ್ಕೆ ಹೋಗಿ ಬರುವ ಹಗುರ ಜೀಪಿಗೆ ಪೆಟ್ರೋಲ್ ಎಂಬುದು ನನ್ನ ವಾದ.

ನಂಬಿಕೆಯ ಬೇರು

ಕೃಷ್ಣಾ ತೀರದಲ್ಲಿ ಡೀಸೆಲ್ ಇಂಜಿನ್ ಜೀಪಿನ ರೂಪದಲ್ಲಿ ಬಂದದ್ದಲ್ಲ, ನೀರೆತ್ತುವ ಯಂತ್ರವಾಗಿ ಬಂದದ್ದು. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ ಕಬ್ಬಿಣದ ನೇಗಿಲಿನಿಂದ ಉದ್ಯಮ ಕಟ್ಟಿ, 1910ರಲ್ಲಿ ಔಂಧ ಸಂಸ್ಥಾನದ ನೆಲದಲ್ಲಿ ಕಿರ್ಲೋಸ್ಕರವಾಡಿ ಎಬ್ಬಿಸಿದರು. 1946ರಲ್ಲಿ ಕಿರ್ಲೋಸ್ಕರ್ ಆಯಿಲ್ ಇಂಜಿನ್ಸ್ ಸ್ಥಾಪನೆಯಾಯಿತು. ಮುಂದೆ ಹೊಳೆಸಾಲಿನ ಹೊಲಗಳಲ್ಲಿ ಡೀಸೆಲ್ ಪಂಪಿನ ಸದ್ದು ಮಾಮೂಲಾಯಿತು; ನೋಜಲ್, ಪಂಪ್ ಬಿಚ್ಚಿ ಕಟ್ಟಬಲ್ಲ ಮಿಸ್ತ್ರಿಗಳು ಊರೂರಿಗೆ ಬೆಳೆದರು. ವಿಲ್ಲಿಸ್ ಜೀಪು 2.2 ಲೀಟರಿನ ಪೆಟ್ರೋಲ್ ಗಾಡಿಯಾಗಿ ಭಾರತಕ್ಕೆ ಬಂದಿದ್ದರೂ, 1980ರ ದಶಕದ ಹೊತ್ತಿಗೆ ಮಹೀಂದ್ರ ಜೀಪುಗಳಲ್ಲಿ ಪೂಜೋ ಮೂಲದ ಡೀಸೆಲ್ ಇಂಜಿನ್ ಕೂತಿತ್ತು.

ಆ ಕಾಲದ ಡೀಸೆಲ್ ನಿಷ್ಠೆಗೆ ಮೂರು ಕಾರಣಗಳಿದ್ದವು: ಅಗ್ಗದ ಇಂಧನ, ಸರಳ ಯಂತ್ರ, ಕಡಿಮೆ ಸುತ್ತಿನಲ್ಲೇ ಸಿಗುವ ಎಳೆತ. ಪೆಟ್ರೋಲ್ ಬೆಲೆಯ ಮೇಲಿನ ಸರ್ಕಾರಿ ನಿಯಂತ್ರಣ 2010ರ ಜೂನ್‌ನಲ್ಲಿ, ಡೀಸೆಲ್‌ನದು 2014ರ ಅಕ್ಟೋಬರ್‌ನಲ್ಲಿ ತೆರವಾಯಿತು. ಬೆಲೆಯ ದೊಡ್ಡ ಅಂತರ ಅಲ್ಲಿಗೆ ಕರಗಿತು. ಉಳಿದ ಎರಡನ್ನು ನೋಡೋಣ.

ನೆಲ ಎಷ್ಟು ತಡೆದೀತು

ಎರೆಮಣ್ಣಿನ ಜೇಡಿ ನೀರು ಕುಡಿದು ಉಬ್ಬುತ್ತದೆ. ಮಳೆ ಬಿದ್ದ ಹಾದಿಯಲ್ಲಿ ಅದು ಟಯರಿನ ಸಂದುಗಳನ್ನೆಲ್ಲ ತುಂಬಿಕೊಂಡು ಚಕ್ರವನ್ನು ನುಣುಪು ಉರುಳೆಯಾಗಿಸುತ್ತದೆ. ಅಲ್ಲಿ ಯಾವುದು ಮೊದಲು ಸೋಲುತ್ತದೆ, ಇಂಜಿನ್ನೋ ಹಿಡಿತವೋ?

ಒಂದು ಲೆಕ್ಕ ಹಾಕಬಹುದು. ಹಗುರ ಜೀಪು, ತೂಕ 1,200 ಕಿಲೋ. ಇಂಜಿನ್ ಬರೀ 100 ನ್ಯೂಟನ್ ಮೀಟರ್ ತಿರುಚುಬಲ ಕೊಡುತ್ತಿದೆ ಎನ್ನೋಣ. ಲೋ ರೇಂಜಿನಲ್ಲಿ, ಮೊದಲ ಗೇರಿನಲ್ಲಿ ಒಟ್ಟು ಅನುಪಾತ 35ರ ಆಸುಪಾಸು. ಅಂದರೆ ಚಕ್ರಗಳಿಗೆ 3,500 ನ್ಯೂಟನ್ ಮೀಟರ್. ಚಕ್ರದ ತ್ರಿಜ್ಯ 0.35 ಮೀಟರ್ ಆದರೆ ನೆಲವನ್ನು ಹಿಂದಕ್ಕೆ ನೂಕುವ ಬಲ 10,000 ನ್ಯೂಟನ್. ಹಸಿ ಜೇಡಿಯ ಹಿಡಿತದ ಗುಣಾಂಕ 0.3 ಎಂದು ಹಿಡಿದರೆ, ನಾಲ್ಕೂ ಚಕ್ರ ಸೇರಿ ನೆಲ ತಡೆಯುವುದು ಸುಮಾರು 3,500 ನ್ಯೂಟನ್ ಮಾತ್ರ. ನೆಲ ಸ್ವೀಕರಿಸಬಲ್ಲ ಬಲದ ಸುಮಾರು ಮೂರು ಪಟ್ಟು ಈ ಸಣ್ಣ ಇಂಜಿನ್ನಿನಲ್ಲೇ ಇದೆ. ಇನ್ನಷ್ಟು ಎಳೆತ ಸೇರಿಸಿದರೆ ಚಕ್ರ ಇನ್ನಷ್ಟು ಸುತ್ತುತ್ತದೆ, ಗಾಡಿ ಇನ್ನಷ್ಟು ಹೂಳುತ್ತದೆ.

1985ರಲ್ಲಿ ಬಂದ ಮಾರುತಿ ಜಿಪ್ಸಿ 970 ಸಿಸಿಯ ಪುಟ್ಟ ಪೆಟ್ರೋಲ್ ಇಂಜಿನ್ನಿನಲ್ಲೇ ಸೈನ್ಯದ ವಿಶ್ವಾಸ ಗಳಿಸಿದ್ದು ಹೀಗೆ: ಮೈ ಹಗುರ, ಲೋ ಗೇರ್ ಗಟ್ಟಿ. ಎಳೆತವೇ ಮುಖ್ಯ ಎನ್ನುವವರಿಗೂ ಹಳೆಯ ಅಂತರ ಈಗ ಉಳಿದಿಲ್ಲ. 2020ರ ಥಾರ್‌ನಲ್ಲಿ 2.2 ಲೀಟರ್ ಡೀಸೆಲ್ ಕೊಡುವುದು 300 ನ್ಯೂಟನ್ ಮೀಟರ್. 2 ಲೀಟರಿನ ಟರ್ಬೊ ಪೆಟ್ರೋಲ್, ಆಟೊಮ್ಯಾಟಿಕ್ ಗೇರಿನ ಜೊತೆ, 320.

ಟ್ರ್ಯಾಕ್ಟರಿನ ಲೆಕ್ಕ ಬೇರೆ

ಕಬ್ಬಿನ ಹಂಗಾಮಿನಲ್ಲಿ ಎರಡು ಟ್ರೇಲರ್ ಕಟ್ಟಿಕೊಂಡು ಉಗಾರ ಖುರ್ದದ ಕಾರ್ಖಾನೆ ಕಡೆಗೆ ಹೊರಡುವ ಟ್ರ್ಯಾಕ್ಟರಿಗೆ ಮೇಲಿನ ವಾದ ಹೊಂದುವುದಿಲ್ಲ. ಅದರ ಕೆಲಸ ತಾಸುಗಟ್ಟಲೆ ಹೆಚ್ಚುಕಡಿಮೆ ಪೂರ್ಣ ಭಾರದ್ದು. ಏರು ಬಂದು ಸುತ್ತು ಇಳಿದಂತೆ ಗವರ್ನರ್ ತಾನೇ ಹೆಚ್ಚು ಡೀಸೆಲ್ ಬಿಡುತ್ತದೆ, ತಿರುಚುಬಲ ಏರುತ್ತದೆ, ಗೇರ್ ಬದಲಿಸದೆಯೇ ಏರು ದಾಟುತ್ತದೆ. ಗಾಳಿಯನ್ನು ಹದಿನೇಳು ಹದಿನೆಂಟು ಪಟ್ಟು ಒತ್ತುವ ಇಂಜಿನ್ ಪ್ರತಿ ಹನಿಯಿಂದ ಹೆಚ್ಚು ಕೆಲಸ ತೆಗೆಯುತ್ತದೆ; ದಿನವಿಡೀ ದುಡಿಯುವ ಯಂತ್ರದಲ್ಲಿ ಈ ಉಳಿತಾಯವೇ ನಿರ್ಣಾಯಕ. ಇಲ್ಲಿ ಪೆಟ್ರೋಲ್ ಯೋಚನೆಗೇ ಬರಬಾರದು.

2020ರ ನಂತರದ ಡೀಸೆಲ್

2020ರ ಏಪ್ರಿಲ್ 1ರಿಂದ ವಾಹನಗಳ ಹೊಗೆಗೆ ಮಿತಿ ಹಾಕುವ ಬಿಎಸ್-6 ನಿಯಮ ಜಾರಿಯಾಯಿತು. ಅಂದಿನಿಂದ ಡೀಸೆಲ್ ಜೀಪಿನ ಹೊಗೆಕೊಳವೆಯಲ್ಲಿ ಮಸಿ ಹಿಡಿಯುವ ಫಿಲ್ಟರ್, ಅಂದರೆ ಡಿಪಿಎಫ್ ಇದೆ. ಹಿಡಿದ ಮಸಿಯನ್ನು ಅದು ಆಗಾಗ ಸುಟ್ಟುಕೊಳ್ಳಬೇಕು. ಅದಕ್ಕೆ 600 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಕಾವು ಬೇಕು, ಆ ಕಾವು ನಿಲ್ಲಲು ಗಾಡಿ ಒಂದೇ ಸಮನೆ ಓಡಬೇಕು. ಮನೆಯಿಂದ ಹೊಲಕ್ಕೆ, ಹೊಲದಿಂದ ಡೇರಿಗೆ ಎಂದು ತಣ್ಣನೆ ಇಂಜಿನ್ನಿನಲ್ಲೇ ಮುಗಿಯುವ ಓಡಾಟದಲ್ಲಿ ಆ ಕಾವು ಹುಟ್ಟುವುದೇ ಇಲ್ಲ. ಮಸಿ ಕಟ್ಟುತ್ತದೆ, ಸುಡಲೆಂದು ಬಿಟ್ಟ ಹೆಚ್ಚುವರಿ ಡೀಸೆಲ್ ಇಂಜಿನ್ ಆಯಿಲ್‌ಗೆ ಇಳಿದು ಅದನ್ನು ತೆಳುವಾಗಿಸುತ್ತದೆ. ಊರ ಮಿಸ್ತ್ರಿಯ ಪಾನಾಗೆ ಸಿಗದ ರೋಗವಿದು, ಕಂಪ್ಯೂಟರ್ ಹಚ್ಚಿಯೇ ನೋಡಬೇಕು. ಟ್ರ್ಯಾಕ್ಟರುಗಳಲ್ಲಿ ಇಂಥ ಬಿಗಿ ನಿಯಮ 2023ರ ಜನವರಿಯಿಂದ 50 ಅಶ್ವಶಕ್ತಿ ಮೀರಿದವಕ್ಕೆ ಬಂತು. ಅದಕ್ಕಿಂತ ಚಿಕ್ಕವಕ್ಕೆ ಆಗ ಬರಲಿಲ್ಲ. ಹಾಗಾಗಿ ಟ್ರ್ಯಾಕ್ಟರಿನ ಅನುಭವವನ್ನು ಹೊಸ ಡೀಸೆಲ್ ಜೀಪಿಗೆ ಅನ್ವಯಿಸಬಾರದು.

ಕಬ್ಬಿನಿಂದ ಬಂದ ಪೆಟ್ರೋಲ್

ಪೆಟ್ರೋಲಿನ ದೋಷಗಳನ್ನೂ ಹೇಳಬೇಕು. 2018ರ ಜೈವಿಕ ಇಂಧನ ನೀತಿ ಕಬ್ಬಿನ ಹಾಲಿನಿಂದಲೂ ಎಥನಾಲ್ ತೆಗೆಯಲು ದಾರಿ ಮಾಡಿತು. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಶೇ 20 ಎಥನಾಲ್ ಬೆರೆತ ಇ20 ಪೆಟ್ರೋಲಿಗೆ ಚಾಲನೆ ಸಿಕ್ಕಿತು. ಕಬ್ಬು ಬೆಳೆಗಾರನಿಗೆ ಇದು ಒಳ್ಳೆಯ ಸುದ್ದಿ. ಆದರೆ ಒಂದು ಲೀಟರಿನ ಶಕ್ತಿ ಡೀಸೆಲ್‌ನಲ್ಲಿ ಸುಮಾರು 36 ಮೆಗಾಜೂಲ್, ಪೆಟ್ರೋಲಿನಲ್ಲಿ 32, ಎಥನಾಲ್‌ನಲ್ಲಿ 21. ಇ20ರಲ್ಲಿ 30ರ ಹತ್ತಿರ. ಇಂಜಿನ್ನಿನ ದಕ್ಷತೆ ಬಿಟ್ಟರೂ, ಡೀಸೆಲ್‌ನಲ್ಲಿ ಲೀಟರಿಗೆ ಇ20ಕ್ಕಿಂತ ಐದನೇ ಒಂದು ಪಾಲು ಹೆಚ್ಚು ಶಕ್ತಿಯಿದೆ. ಎಥನಾಲ್ ನೀರನ್ನು ಸೆಳೆದುಕೊಳ್ಳುತ್ತದೆ. ನೀರು ಮಿತಿ ಮೀರಿದರೆ ಎರಡೂ ಸೇರಿ ಟ್ಯಾಂಕಿನ ತಳಕ್ಕೆ ಇಳಿಯುತ್ತವೆ. ಮಳೆಗಾಲದಲ್ಲಿ ತಿಂಗಳುಗಟ್ಟಲೆ ನಿಲ್ಲಿಸುವ ಗಾಡಿಯ ಟ್ಯಾಂಕನ್ನು ಅರ್ಧ ಖಾಲಿ ಬಿಡಬಾರದು.

ಹೊಳೆ ನೀರು

ಮಳೆಗಾಲ ಬಂತೆಂದರೆ ಕಲ್ಲೋಳ–ಯಡೂರ, ಮಲಿಕವಾಡ–ದತ್ತವಾಡ, ಕಾರದಗಾ–ಭೋಜ ಸೇತುವೆಗಳು ಮುಳುಗುತ್ತವೆ. "ಡೀಸೆಲ್ ಗಾಡಿಗೆ ಪ್ಲಗ್ ಇಲ್ಲ, ನೀರಿನಾಗೂ ನಡೀತೈತಿ" ಎಂಬ ಮಾತು ಅಪಾಯಕಾರಿ. ಕಿಡಿ ಆರುವ ಭಯ ಡೀಸೆಲ್‌ಗೆ ಇಲ್ಲ, ನಿಜ. ಆದರೆ ಗಾಳಿಯ ದಾರಿಯಲ್ಲಿ ನೀರು ಒಳಹೊಕ್ಕರೆ ಪೆಟ್ಟು ಡೀಸೆಲ್‌ಗೇ ಹೆಚ್ಚು. 500 ಸಿಸಿಯ ಸಿಲಿಂಡರಿನಲ್ಲಿ ಪಿಸ್ಟನ್ ಮೇಲೇರಿದಾಗ ಉಳಿಯುವ ಜಾಗ, 17:1 ಅನುಪಾತದ ಡೀಸೆಲ್‌ನಲ್ಲಿ 31 ಮಿಲಿಲೀಟರ್. 10:1ರ ಪೆಟ್ರೋಲಿನಲ್ಲಿ 56. ಅದಕ್ಕಿಂತ ಹೆಚ್ಚು ನೀರು ಹೊಕ್ಕರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ, ಏಕೆಂದರೆ ನೀರು ಕುಗ್ಗುವುದಿಲ್ಲ. ನೀರಿನಲ್ಲಿ ನಿಂತ ಗಾಡಿಗೆ, ಇಂಜಿನ್ ಯಾವುದೇ ಇರಲಿ, ಸೆಲ್ಫ್ ಹೊಡೆಯಬಾರದು.

ನಿರ್ಣಯ

ಟ್ರೇಲರ್ ಎಳೆಯುವ, ಅಥವಾ ವಾರಕ್ಕೆ ಹಲವು ಸಲ ಮಿರಜ, ಚಿಕ್ಕೋಡಿಗೆ ತುಂಬು ಹೇರಿನೊಂದಿಗೆ ಹೋಗಿಬರುವ ಗಾಡಿಗೆ ಡೀಸೆಲ್ ತಕ್ಕದ್ದು. ಅಂಥ ಓಟದಲ್ಲಿ ಫಿಲ್ಟರೂ ತಾನೇ ಶುದ್ಧವಾಗುತ್ತದೆ. ಹೊಲದ ಹಾದಿಯೇ ಮುಖ್ಯವಾದ ಜೀಪಿಗೆ ಹಗುರ ಮೈಯ ಪೆಟ್ರೋಲ್ ಗಾಡಿ, ಲೋ ರೇಂಜ್, ಆಳ ಗಟ್ಟೆಯ ಟಯರು ಸಾಕು. ಇಂಜಿನ್ ಮೇಲೆ ಉಳಿಸಿದ ಹಣವನ್ನು ಟಯರಿಗೆ ಹಾಕುವುದು ಒಳಿತು: ಜುಗೂಳದ ಮಣ್ಣಿನಲ್ಲಿ ಕೊರತೆ ಬೀಳುವುದು ಹಿಡಿತಕ್ಕೆ, ಮತ್ತು ಯಾವ ಇಂಜಿನ್ನೂ ಅದನ್ನು ಕೊಡಲಾರದು.