ಮದ್ದಿನ ಅಳತೆ

ಕೆಮ್ಮಿಗೆ ಅಜ್ಜಿ ಅರೆದು ಕೊಡುವುದೂ ಮದ್ದು, ಕೋವಿಗೆ ಗಿಡಿಯುವುದೂ ಮದ್ದು. ಆಗದವರು ಊಟದಲ್ಲಿ ಬೆರೆಸಿ ಹಾಕಿದರೆಂದು ಊರವರು ಪಿಸುಗುಡುವುದೂ ಮದ್ದೇ. ಜೀವ ಉಳಿಸುವುದಕ್ಕೂ ತೆಗೆಯುವುದಕ್ಕೂ ಒಂದೇ ಹೆಸರು ಬಂದದ್ದು ಹೇಗೆ?

ಹಳಗನ್ನಡದಲ್ಲಿ ಇದು ‘ಮರ್ದು’. ‘ಇರ್ದು’ ಹೋಗಿ ‘ಇದ್ದು’ ಆದಂತೆ, ರಕಾರ ಕರಗಿ ದಕಾರ ಇಮ್ಮಡಿಸಿ ‘ಮದ್ದು’ ಆಯಿತು. ತಮಿಳಿನ ‘ಮರುಂದು’, ಮಲಯಾಳದ ‘ಮರುನ್ನು’, ತೆಲುಗಿನ ‘ಮಂದು’ ಇದರ ಒಡಹುಟ್ಟುಗಳು. ಈ ನಾಲ್ಕೂ ನುಡಿಗಳಲ್ಲಿ ಔಷಧದ ಹೆಸರೇ ಸಿಡಿಯುವ ಪುಡಿಗೂ ಸಂದಿದೆ. ಪಾರಸಿಯ ‘ದಾರೂ’ವಿನದೂ ಇದೇ ಕತೆ. ಔಷಧವೆಂಬ ಅರ್ಥದ ಆ ಪದ ಮರಾಠಿಯಲ್ಲಿ ‘ದಾರೂಗೋಳಾ’ ಆಗಿ ನಮ್ಮ ‘ಮದ್ದುಗುಂಡು’ ಪದಕ್ಕೆ ಜೋಡಿಯಾಗಿದೆ. ಚೀನೀಯರಂತೂ ಸಿಡಿಯುವ ಪುಡಿಯನ್ನು ‘ಬೆಂಕಿಮದ್ದು’ ಎಂದೇ ಕರೆದರು. 1044ರ ‘ವುಜಿಂಗ್ ಜೊಂಗ್ಯಾವ್’ ಎಂಬ ಅವರ ಯುದ್ಧಗ್ರಂಥದಲ್ಲಿ ಅದನ್ನು ತಯಾರಿಸುವ ಕ್ರಮವಿದೆ. ಪೆಟ್ಲುಪ್ಪು, ಗಂಧಕ, ಇದ್ದಿಲನ್ನು ಅರೆದು, ತೂಗಿ ಬೆರೆಸುವುದು ಪಂಡಿತರ ಕೈಗೆ ಒಗ್ಗಿದ ಕೆಲಸವೇ ತಾನೆ!

ಕನ್ನಡನಾಡಿನ ಕಲ್ಲುಗಳಲ್ಲೂ ಈ ಪದ ಕೂತಿದೆ. ಚಿತ್ರದುರ್ಗದ ಕೋಟೆಯಲ್ಲಿ ‘ಮದ್ದು ಬೀಸುವ ಕಲ್ಲು’ಗಳಿವೆ, ಶ್ರೀರಂಗಪಟ್ಟಣದಲ್ಲಿ ಟಿಪ್ಪು ಕಾಲದ ‘ಮದ್ದಿನ ಮನೆ’ಗಳಿವೆ. ಕೊಡಗಿನವರು ಕಕ್ಕಡ ತಿಂಗಳ ಹದಿನೆಂಟರಂದು ಮದ್ದುಸೊಪ್ಪಿನ ಪಾಯಸ ಉಣ್ಣುತ್ತಾರೆ. ತಿಂಗಳು ಕಳೆದರೆ ಕೈಲ್‌ಪೊಳ್ದ್ ಹಬ್ಬ. ಅಂದು ಪೂಜೆ ಕೋವಿಗೆ.

ಎರಡೂ ಮದ್ದಿಗೆ ಪ್ರಾಣ ಇರುವುದು ಅಳತೆಯಲ್ಲಿ. ಇಂಗ್ಲಿಷರ ‘ಗ್ರೇನ್’ ಎಂಬ ತೂಕ, ಅಂದರೆ ಕಾಳು, ಒಂದು ಪೌಂಡಿನ 7000ದಲ್ಲಿ ಒಂದು ಪಾಲು. ಔಷಧ ಅಂಗಡಿಯವರು ಇದರಲ್ಲೇ ಪುಡಿ ತೂಗುತ್ತಿದ್ದರು. ಕೋವಿಯವರು ಇಂದಿಗೂ ಇದರಲ್ಲೇ ತೂಗುತ್ತಾರೆ. ಅಮೆರಿಕದಲ್ಲಿ 1873ರಲ್ಲಿ ಬಂದ ‘.45-70’ ತೋಟಾದ ಹೆಸರಿನ 70 ಎಂದರೆ ಅಷ್ಟು ಗ್ರೇನ್ ಕರಿಮದ್ದು.

1884ರಲ್ಲಿ ಫ್ರಾನ್ಸಿನ ಪಾಲ್ ವಿಯೆಲ್ ಹೊಗೆಯಿಲ್ಲದ ಮದ್ದು ಮಾಡಿದ ಮೇಲೆ ಹಳೆಯ ಅಳತೆ ಅಪಾಯವಾಯಿತು. ಹೆಸರು ಅದೇ ಮದ್ದಾದರೂ ಕಸುವು ಬೇರೆ. ಕರಿಮದ್ದಿನ ನಾಡಕೋವಿಗೆ ಅಷ್ಟೇ ಅಳತೆಯ ಹೊಸ ಮದ್ದು ಗಿಡಿದರೆ ನಳಿಗೆ ಸೀಳಬಹುದು. ಅಮೆರಿಕದ ತಯಾರಕರ ಸಂಸ್ಥೆ ‘ಸಾಮಿ’ .45-70ಕ್ಕೆ ಗೊತ್ತುಮಾಡಿದ ಒತ್ತಡದ ಮಿತಿ ಚದರ ಇಂಚಿಗೆ 28,000 ಪೌಂಡ್. ಹೊಗೆಯಿಲ್ಲದ ಮದ್ದಿಗೆಂದೇ ಹುಟ್ಟಿದ .30-06ಕ್ಕೆ ಅದು 60,000.

ಹೇಳಿ ಮಾಡಿಸಿದ ಬೇಟೆ ರೈಫಲ್ಲಿನಲ್ಲಿ ಇನ್ನೂ ಒಂದು ತೊಡಕಿದೆ. ತೋಟಾ ಕೂರುವ ಗೂಡನ್ನು ಒಬ್ಬೊಬ್ಬ ಕಮ್ಮಾರ ಒಂದೊಂದು ಬಗೆಯಲ್ಲಿ ಕೊರೆದಿರುತ್ತಾನೆ. ಗುಂಡಿನ ಮೂತಿ ನಳಿಗೆಯ ತಿರುಚುಗೀರುಗಳಿಗೆ ಮೊದಲೇ ತಾಗಿ ಕೂತರೆ, ಅದೇ ಮದ್ದು ಅದೇ ತೂಕದಲ್ಲಿ ಹೆಚ್ಚು ಒತ್ತಡ ಹುಟ್ಟಿಸುತ್ತದೆ. ಕ್ಯಾಲಿಫೋರ್ನಿಯಾದ ರಾಯ್ ವೆದರ್‌ಬಿ 1940ರ ದಶಕದಲ್ಲಿ ತನ್ನ ಬಿರುಸಿನ ತೋಟಾಗಳಿಗಾಗಿ ಗೀರುಗಳಿಗೆ ಮುನ್ನ ಒಂದಿಷ್ಟು ನುಣ್ಣನೆಯ ಜಾಗ ಬಿಟ್ಟದ್ದು ಈ ಒತ್ತಡ ತಗ್ಗಿಸಲೆಂದೇ. ಸೆಕೆ ಏರಿದರೂ ಒತ್ತಡ ಏರಬಹುದು. ಕೇಪು ಚಪ್ಪಟೆಯಾಗುವುದು, ಬೋಲ್ಟು ಬಿಗಿಯುವುದು ಅದರ ಲಕ್ಷಣಗಳು. ಆದರೆ ಲಕ್ಷಣ ಕಾಣುವ ಹೊತ್ತಿಗೆ ಮಿತಿ ದಾಟಿರಲೂಬಹುದು. ಅದಕ್ಕೇ ತೋಟಾ ತುಂಬುವ ಕೈಪಿಡಿಗಳು ಗರಿಷ್ಠದಿಂದ ಕೆಳಗೆ ಶುರುಮಾಡಿ ಮೆಲ್ಲಗೆ ಏರಿರೆನ್ನುತ್ತವೆ. ವೈದ್ಯರು ಹೇಳುವುದೂ ಅದನ್ನೇ.

ನಮ್ಮಲ್ಲಿ 1972ರ ವನ್ಯಜೀವಿ ಕಾಯ್ದೆಯಿಂದ ಬೇಟೆ ನಿಂತಿದೆ. ಪರವಾನಗಿಯ ಕೋವಿಗಳು ಮನೆಗಳಲ್ಲಿ ಉಳಿದಿವೆ. ಅಂಥ ಕೋವಿ ಇರುವವರಿಗೆ ಈ ಪದವೇ ಎಚ್ಚರಿಕೆ: ಒಬ್ಬರಿಗೆ ಬರೆದುಕೊಟ್ಟ ಮದ್ದನ್ನು ಇನ್ನೊಬ್ಬರು ನುಂಗುವುದಿಲ್ಲ. ಒಂದು ಕೋವಿಗೆ ಹಿಡಿಸಿದ ಮದ್ದನ್ನು ಇನ್ನೊಂದಕ್ಕೆ ಹಾಕಲೂಬೇಡಿ.